ಒಂದು ದಿನದ ಪ್ರೊಫೆಸರು

ಪ್ರಭಾರಿಯಮ್ಮನ ಗಂಟಲು ಕಟ್ಟಿ ವಾರದ ಮೇಲಾಗಿತ್ತು. ಬಿಸಿನೀರಿಗೂ ಬಗ್ಗಲಿಲ್ಲ, ಮಾತ್ರೆಗೂ ಬಗ್ಗಲಿಲ್ಲ. ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮಾತಾಡದಿದ್ದರೆ ಪಾಠ ಮಾಡುವವರು ಯಾರು?

ಭೌತಶಾಸ್ತ್ರ ವಿಭಾಗದಲ್ಲಿ ಆಕೆಯೊಬ್ಬಳೇ ಉಳಿದಿದ್ದಳು. ಡಿಗ್ರಿಯ ಮೂರೂ ವರ್ಷದ ಮಕ್ಕಳನ್ನು ಒಂದೇ ಹಾಲಿನಲ್ಲಿ ಕೂರಿಸಿ, ಬೋರ್ಡಿಗೆ ಉದ್ದುದ್ದ ಗೆರೆ ಎಳೆದು ಮೂರು ಭಾಗ ಮಾಡಿದ್ದಳು. ಕಿಟಕಿ ಕಡೆಯವರಿಗೆ ಮೊದಲ ವರ್ಷದ್ದು, ನಡುವಿನವರಿಗೆ ಎರಡನೆಯದು, ಗೋಡೆಗೆ ಅಂಟಿ ಕೂತವರಿಗೆ ಕೊನೆಯದು. ಒಬ್ಬರು ಬರೆದುಕೊಳ್ಳುವಾಗ ಇನ್ನೊಬ್ಬರಿಗೆ ಲೆಕ್ಕ ಕೊಡಬೇಕು, ಅವರು ಲೆಕ್ಕ ಮಾಡುವಾಗ ಮತ್ತೊಬ್ಬರಿಗೆ ವಿವರಿಸಬೇಕು. ಒಂದೇ ಒಲೆಯ ಮೇಲೆ ಮೂರು ಪಾತ್ರೆ ಇಟ್ಟ ಹಾಗೆ ಅದು. ಒಂದು ಸೀಯುತ್ತದೆ, ಒಂದು ಉಕ್ಕುತ್ತದೆ, ಇನ್ನೊಂದು ಬೇಯುವುದೇ ಇಲ್ಲ.

ಹಿಂದಿನ ಪ್ರಿನ್ಸಿಪಾಲರು ರಾಜೀನಾಮೆ ಬಿಸಾಕಿ ಹೋದಾಗ, “ಹೊಸಬರು ಬರೋವರೆಗೆ ಪ್ರಭಾರ ನೋಡ್ಕೊಳ್ಳಿ ಮೇಡಂ” ಎಂದು ಆಡಳಿತ ಮಂಡಳಿ ಆಕೆಯನ್ನು ಆ ಕುರ್ಚಿಯಲ್ಲಿ ಕೂರಿಸಿತ್ತು. ಹೊಸಬರು ಬರಲೇ ಇಲ್ಲ. ವರ್ಷಗಳು ಉರುಳಿದವು. ಆಕೆ ಪ್ರಭಾರಿಯಾಗಿಯೇ ಉಳಿದಳು, ಹೆಸರೂ ಪ್ರಭಾರಿಯಮ್ಮ ಎಂದೇ ಆಯಿತು. ಕುರ್ಚಿ ಖಾಯಂ ಮಾಡಿದರೆ ಮನುಷ್ಯರಿಗೆ ಬೆನ್ನುಮೂಳೆ ಬೆಳೆಯುತ್ತದೆ ಎಂಬುದು ಅಧ್ಯಕ್ಷರಿಗೆ ಗೊತ್ತಿತ್ತು.

ನಲ್ಲಿಯಲ್ಲಿ ನೀರು ಬರದಿದ್ದರೆ ಪ್ರಭಾರಿಯಮ್ಮನನ್ನು ಕೇಳಬೇಕು. ಫಲಿತಾಂಶ ಕೆಟ್ಟರೆ ಪ್ರಭಾರಿಯಮ್ಮ. ಫೀಸು ಏರಿದೆ ಎಂದು ತಂದೆತಾಯಿ ಬಂದು ಮೇಜು ಗುದ್ದಿದರೆ ಪ್ರಭಾರಿಯಮ್ಮ. ಹುಡುಗರು ಹೊಡೆದಾಡಿಕೊಂಡರೆ, ಯಾವುದೋ ಪುಢಾರಿ ತನ್ನ ಕಡೆಯವನಿಗೆ ಹಾಜರಾತಿ ಕೊಡಿ ಎಂದು ಫೋನು ಮಾಡಿದರೆ, ವಿಶ್ವವಿದ್ಯಾಲಯದವರು ಕಂಪ್ಯೂಟರಿನಲ್ಲಿ ಇನ್ನೊಂದು ಹೊಸ ಮಾಹಿತಿ ತುಂಬಿ ಎಂದು ಆದೇಶ ಹೊರಡಿಸಿದರೆ, ಎಲ್ಲಕ್ಕೂ ಪ್ರಭಾರಿಯಮ್ಮ. ಹಾರ ಹಾಕಿಸಿಕೊಂಡು ಫೋಟೋಕ್ಕೆ ನಿಲ್ಲುವಾಗ ಮಾತ್ರ ಅಧ್ಯಕ್ಷರು.

ಆ ದಿನ ಪಾಠದ ನಡುವೆ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತ. ಅಧ್ಯಕ್ಷರ ಹೆಂಡತಿಯ ತಮ್ಮ. ಡಿಗ್ರಿ ಮುಗಿಸಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಾಯಲ್ಲಿ ಯಾವಾಗಲೂ ಒಂದು ಹಲ್ಲುಕಡ್ಡಿ.

“ಮೇಡಂ, ಭಾವ ಕರೀತಿದಾರೆ.”

“ಕ್ಲಾಸು ಮುಗಿಸಿ ಬರ್ತೀನಿ.”

“ಕ್ಲಾಸು ಎಲ್ಲಿಗೂ ಓಡಿಹೋಗಲ್ಲ. ಬನ್ನಿ.”

ಅಧ್ಯಕ್ಷರು ಮೊದಲು ಜಲ್ಲಿ ಕ್ರಷರ್ ನಡೆಸುತ್ತಿದ್ದರು, ಆಮೇಲೆ ಬಸ್ಸು, ಆಮೇಲೆ ಕಾಲೇಜು. ಮೂರೂ ಅವರಿಗೆ ಒಂದೇ. ಅವರ ಕೋಣೆ ಐಸಿನ ಪೆಟ್ಟಿಗೆಯಂತೆ ತಣ್ಣಗಿತ್ತು. ಮೇಜಿನ ಮೇಲೆ ಕಾಲೇಜಿನ ಪುಟ್ಟ ಮಾದರಿ, ಇನ್ನೂ ಕಟ್ಟದ ಎರಡು ಮಹಡಿಗಳೂ ಸೇರಿ, ಗಾಜಿನೊಳಗೆ ಹೊಳೆಯುತ್ತಿತ್ತು.

“ಕೂತ್ಕೊಳ್ಳಿ ಮೇಡಂ. ಕಾಲೇಜಿಗೆ ದರ್ಜೆ ಕೊಡೋ ಸಮಿತಿ ಬರೋ ವಾರ ಬರ್ತಿದೆ. ಈ ಸಲ ಮೇಲಿನ ದರ್ಜೆ ಸಿಗಲೇಬೇಕು. ಇಲ್ಲಾಂದ್ರೆ ಮುಂದಿನ ವರ್ಷ ಸೀಟು ತುಂಬಲ್ಲ. ಖಾಲಿ ಬಸ್ಸು ಓಡಿಸಿ ಯಾರಾದ್ರೂ ಬದುಕಿದಾರಾ?”

“ಸರ್, ಮೇಷ್ಟ್ರೇ ಇಲ್ಲ. ಗಣಿತಕ್ಕೆ ಇಲ್ಲ, ಇತಿಹಾಸಕ್ಕೆ ಇಲ್ಲ. ನಮ್ಮ ವಿಭಾಗಕ್ಕೆ ನಾನೊಬ್ಬಳು. ಎಷ್ಟು ಸಲ ಕೇಳಿದೀನಿ.”

“ಕೇಳಿದೀರಿ. ನಾನೂ ಕೇಳಿಸ್ಕೊಂಡಿದೀನಿ. ಎಲ್ಲಾ ವಿಭಾಗಕ್ಕೂ ಕೊಡ್ತೀನಿ. ಡಾಕ್ಟರೇಟ್ ಆದೋರನ್ನೇ ಕೊಡ್ತೀನಿ.”

ಆಕೆ ಒಂದು ಗಳಿಗೆ ನಂಬಿಬಿಟ್ಟಳು. ಆ ನಂಬಿಕೆಯ ನೆನಪಾದಾಗ ಮುಂದೆ ಎಷ್ಟೋ ಸಲ ಆಕೆಗೆ ಮೈಯುರಿಯುತ್ತಿತ್ತು.

“ಯಾವತ್ತಿಂದ ಬರ್ತಾರೆ ಸರ್?”

“ಸಮಿತಿ ಬರೋ ದಿನ ಬರ್ತಾರೆ. ಸಮಿತಿ ಹೋದ್ಮೇಲೆ ಹೋಗ್ತಾರೆ.”

ಮ್ಯಾನೇಜರ್ ಹಲ್ಲುಕಡ್ಡಿಯನ್ನು ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾಟಿಸಿ ನಕ್ಕ. ಅವರ ಸರ್ಟಿಫಿಕೇಟೆಲ್ಲ ಅಸಲಿ. ಹಿಂದಿನ ವರ್ಷಗಳಿಂದ ಇಲ್ಲೇ ಇದ್ದಾರೆ ಎಂದು ನೇಮಕದ ಆದೇಶ ಮಾಡಿಟ್ಟಾಗಿದೆ. ಎಲ್ಲ ಕಾಲೇಜಿನಲ್ಲೂ ಹೀಗೇ ನಡೆಯುವುದು. ಇದನ್ನೆಲ್ಲ ಅವನು, ಮದುವೆಗೆ ಪಾತ್ರೆ ಬಾಡಿಗೆಗೆ ತರುವ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದ.

“ಅವರನ್ನೇ ಕೆಲಸಕ್ಕೆ ತಗೊಂಡ್ರೆ ಆಗಲ್ವಾ ಸರ್? ಮಕ್ಕಳು ಕಾಯ್ತಿದಾರೆ.”

“ನೀವು ಪಾಠ ಮಾಡೋರು, ನಿಮಗೆ ವ್ಯವಹಾರ ತಿಳಿಯಲ್ಲ.” ಅಧ್ಯಕ್ಷರ ಧ್ವನಿ ಏರಲಿಲ್ಲ. “ಮೇಡಂ, ನೀವು ಪ್ರಭಾರಿ. ನಿಮ್ಮನ್ನ ಇಳಿಸೋಕೆ ಒಂದು ಫೋನು ಸಾಕು ನನಗೆ. ಆದ್ರೆ ನಿಮ್ಮ ಮೇಲೆ ಗೌರವ ಇದೆ. ಸಮಿತಿಯೋರ ಜೊತೆ ನೀವೇ ಓಡಾಡಿ, ನೀವೇ ಎಲ್ಲಾ ಪರಿಚಯ ಮಾಡಿಸಿ. ನಿಮ್ಮ ಮುಖ ನೋಡಿದ್ರೆ ಯಾರಿಗಾದ್ರೂ ನಂಬಿಕೆ ಬರುತ್ತೆ.”

ತನ್ನ ಮುಖಕ್ಕೆ ಇಂಥ ಬೆಲೆ ಇದೆಯೆಂದು ಆಕೆಗೆ ಅವತ್ತೇ ಗೊತ್ತಾದದ್ದು.

ಮನೆಯಲ್ಲಿ ಇದ್ದದ್ದು ಪ್ರಭಾರಿಯಮ್ಮ ಮತ್ತು ಆಕೆಯ ಅಕ್ಕ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ತಂಗಿಯನ್ನು ಓದಿಸಿದ್ದೇ ಆ ಮೆಷಿನ್ನು. ಸಮಿತಿ ಬರುವ ಹಿಂದಿನ ಸಂಜೆ ಆಕೆ ಮನೆಗೆ ಬಂದಾಗ ಅಕ್ಕ ನೆಲದ ತುಂಬ ನೀಲಿ ಕೋಟುಗಳನ್ನು ಹರವಿಕೊಂಡು ಕೂತಿದ್ದಳು.

“ಏನೇ ಇದು? ನಿಮ್ಮ ಮ್ಯಾನೇಜರ್ ಗಂಟು ಕಳಿಸಿದಾನೆ. ಬ್ಯಾಂಡ್‌ಸೆಟ್ಟಿನೋರ ಕೋಟು. ನಿಮ್ಮ ಕಾಲೇಜಲ್ಲಿ ಪೀಪಿ ಊದೋ ಪಾಠ ಶುರು ಮಾಡಿದೀರಾ?”

ಭುಜದ ಜರಿಪಟ್ಟಿ ಬಿಚ್ಚಬೇಕಂತೆ. ಹಿತ್ತಾಳೆಯ ಗುಂಡಿ ಕಿತ್ತು ಕರೀ ಗುಂಡಿ ಹಾಕಬೇಕಂತೆ. ನಾಳೆ ಬರುವ ಪ್ರೊಫೆಸರುಗಳಿಗೆ. ಪ್ರಭಾರಿಯಮ್ಮ ಬ್ಯಾಗನ್ನು ಗೋಡೆಗೆ ಒರಗಿಸಿ ಅಲ್ಲೇ ಕುಸಿದು, ಎಲ್ಲವನ್ನೂ ಹೇಳಿದಳು. ಅಕ್ಕ ಒಂದು ಕೋಟನ್ನು ಮೂಗಿನ ಹತ್ತಿರ ತಂದು ಮುಖ ಕಿವುಚಿದಳು.

“ಯಾರದೋ ಬೆವರು ನಾರ್ತಿದೆ. ಒಗೆದೂ ಕಳಿಸಿಲ್ಲ. ನೀನು ಬೇಡ ಅನ್ನಲಿಲ್ವಾ?”

“ಅಂದೆ.”

“ಅಂದು?”

“ಅಂದು ಬಂದೆ.”

ಅಕ್ಕ ಬ್ಲೇಡಿನಿಂದ ಗುಂಡಿಯ ದಾರ ಕೊಯ್ದಳು. “ಬಿಟ್ಟು ಬಾ ಆ ಕುರ್ಚಿ. ನನ್ನ ಪಕ್ಕ ಕೂತು ಗುಂಡಿಗೆ ಕಾಜಾ ಹಾಕು. ಕೈ ನೋಯುತ್ತೆ, ಹೊಟ್ಟೆ ತೊಳಸಲ್ಲ.”

“ನಾನು ಬಿಟ್ರೆ ಆ ಹಲ್ಲುಕಡ್ಡಿ ಬಂದು ಕೂರ್ತಾನೆ ಅಕ್ಕ. ಮಕ್ಕಳ ಗತಿ?”

“ಈಗ ಏನು ಗತಿ ಇದೆ ಅವಕ್ಕೆ?”

ಮಕ್ಕಳಿಗಾಗಿ ಉಳಿದಿದ್ದೇನೆ ಎಂದು ಪ್ರಭಾರಿಯಮ್ಮ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಪ್ರಿನ್ಸಿಪಾಲರು ಎಂದು ಬಾಗಿಲ ಮೇಲೆ ಬರೆದ ಹಲಗೆಯೂ ಒಂದು ಕಾರಣವಿರಬಹುದು ಎಂದು ಅವತ್ತು ಮೊದಲ ಸಲ ಅನುಮಾನ ಬಂತು. ಆ ಅನುಮಾನದ ವಾಸನೆ ಕೋಟುಗಳ ವಾಸನೆಗಿಂತ ಕೆಟ್ಟದಾಗಿತ್ತು.

ಮರುದಿನ ಬೆಳಿಗ್ಗೆ ಅಧ್ಯಕ್ಷರದೇ ಹಳೆಯ ಬಸ್ಸೊಂದು ಹಿಂದಿನ ಗೇಟಿನಲ್ಲಿ ಬಂದು ನಿಂತಿತು. ಪ್ರೊಫೆಸರುಗಳು ಇಳಿದರು. ಗಂಡಸರು, ಹೆಂಗಸರು, ಕೆಲವರ ತಲೆ ನರೆತಿತ್ತು, ಕೆಲವರು ಹುಡುಗರಂತಿದ್ದರು. ಅವರು ಒಬ್ಬರನ್ನೊಬ್ಬರು ಬಲ್ಲವರಂತೆ ಮಾತಾಡಿಕೊಳ್ಳುತ್ತಿದ್ದರು. ಊರೂರಿನ ಕಾಲೇಜುಗಳಲ್ಲಿ ಇದೇ ಕೆಲಸಕ್ಕೆ ಹೋಗಿ ಆದ ಪರಿಚಯ. ಗಣಿತದ ಹೆಂಗಸು ಮನೆಪಾಠ ಹೇಳುವವಳು. ಇತಿಹಾಸದವನು ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಪ್ರಬಂಧ ಟೈಪು ಮಾಡುವವನು. ಮ್ಯಾನೇಜರ್ ಸೆಮಿನಾರ್ ಹಾಲಿನಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಕೋಟು ಹಂಚಿದ.

“ಯಾರಾದ್ರೂ ಏನಾದ್ರೂ ಕೇಳಿದ್ರೆ ಮೊದಲು ನಗಬೇಕು. ಆಮೇಲೆ ಚುಟುಕಾಗಿ ಉತ್ತರ. ಬುದ್ಧಿವಂತಿಕೆ ತೋರಿಸೋಕೆ ಹೋಗಬೇಡಿ. ಕ್ಲಾಸಿಗೆ ಸಮಿತಿಯೋರು ಬಂದು ಹೋಗೋವರೆಗೆ ಮಾತ್ರ ಪಾಠ. ಊಟ ಹಿಂದುಗಡೆ, ಅವರದೆಲ್ಲ ಆದ್ಮೇಲೆ.”

ಸಾಲಿನ ಕೊನೆಯಲ್ಲಿ ಒಬ್ಬ ಗಡ್ಡದ ಮನುಷ್ಯ ಕೋಟಿನ ತೋಳಿನೊಳಗೆ ಕೈ ತೂರಿಸುತ್ತಿದ್ದವನು ತಲೆ ಎತ್ತಿದ. ಪ್ರಭಾರಿಯಮ್ಮ ಅವನ ಹತ್ತಿರಕ್ಕೆ ನಡೆದಳು.

ಅವನು ಆಕೆಯ ಶಿಷ್ಯ. ಇದೇ ಕಾಲೇಜಿನಲ್ಲಿ, ಇದೇ ವಿಭಾಗದಲ್ಲಿ ಓದಿದವನು. ಏನು ಹೇಳಿದರೂ “ಯಾಕೆ ಮೇಡಂ” ಎಂದು ಎದ್ದು ನಿಲ್ಲುತ್ತಿದ್ದ. ಕಲ್ಲು ಕೆಳಗೆ ಬೀಳುತ್ತದೆ ಅಂದರೆ ಯಾಕೆ, ಆಕಾಶ ನೀಲಿ ಅಂದರೆ ಯಾಕೆ, ಗಂಟೆ ಹೊಡೆಯಿತು ಅಂದರೂ ಯಾಕೆ. ಗೆಳೆಯರೆಲ್ಲ ಅವನಿಗೆ ಯಾಕಪ್ಪ ಎಂದು ಹೆಸರಿಟ್ಟಿದ್ದರು. ಡಾಕ್ಟರೇಟ್ ಮುಗಿಸಿದ ವಿಷಯ ಆಕೆಗೆ ತಿಳಿದಿತ್ತು. ಎಲ್ಲೋ ದೊಡ್ಡ ಕಡೆ ಇದ್ದಾನೆ ಎಂದುಕೊಂಡಿದ್ದಳು.

ಆಕೆ ಅವನನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದಳು. ಮೇಜುಗಳ ಮೇಲೆ ಬಾಡಿಗೆಗೆ ತಂದ ಯಂತ್ರಗಳಿದ್ದವು. ಕೆಲವಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ.

“ಎಲ್ಲಿದೀಯೋ ಈಗ?”

“ಪಾರ್ಸಲ್ ಗೋದಾಮಲ್ಲಿ ಮೇಡಂ. ಡಬ್ಬಿ ಎತ್ತೋದು, ಇಳಿಸೋದು, ಗಾಡಿಗೆ ತುಂಬೋದು. ಭಾರ ಅಂದ್ರೇನು ಅಂತ ನೀವು ಹೇಳಿಕೊಟ್ಟಿದ್ರಿ. ಈಗ ಚೆನ್ನಾಗಿ ಅರ್ಥ ಆಗಿದೆ.”

“ಇಲ್ಲಿಗೆ ಅರ್ಜಿ ಹಾಕಬಹುದಿತ್ತಲ್ಲೋ.”

ಅವನು ಆಕೆಯ ಮುಖವನ್ನೇ ನೋಡಿದ. “ಹಾಕಿದ್ದೆ ಮೇಡಂ. ನಿಮ್ಮ ವಿಭಾಗಕ್ಕೇ. ಸಂದರ್ಶನದಲ್ಲಿ ಇದೇ ಮ್ಯಾನೇಜರ್ ಕೂತಿದ್ದ. ಎಷ್ಟು ಕೊಡ್ತೀಯ ಅಂದ. ಯಾಕೆ ಕೊಡಬೇಕು ಅಂದೆ. ಎದ್ದು ಹೋಗು ಅಂದ.”

ಆಕೆಗೆ ಆ ಅರ್ಜಿಯ ವಿಷಯ ಯಾರೂ ಹೇಳಿರಲಿಲ್ಲ. ಅವನು ಎದ್ದು ಹೋದ ಆ ಜಾಗ ಖಾಲಿ ಉಳಿದದ್ದಕ್ಕೇ ಇಷ್ಟು ವರ್ಷ ಆಕೆ ಒಂದೇ ಗಂಟಲಿನಿಂದ ಮೂರು ಪಾಠ ಕೂಗುತ್ತಿದ್ದದ್ದು. ಆ ಜಾಗಕ್ಕೇ ಇವತ್ತು ಅವನನ್ನು ಬಾಡಿಗೆಗೆ ತಂದಿದ್ದಾರೆ.

“ಮತ್ತೆ ಯಾಕೆ ಬಂದೆ ಇವತ್ತು?”

“ನಿಜ ಹೇಳಲಾ? ಗೋದಾಮಿನ ಕೂಲಿಗಿಂತ ಜಾಸ್ತಿ ಕೊಡ್ತಾರೆ. ಮನೇಲಿ ಮಗು ಇದೆ.” ಅವನು ಕರೀಹಲಗೆಯ ಕಡೆ ನೋಡಿದ. “ಇನ್ನೊಂದು ಏನಂದ್ರೆ, ಹೀಗಾದ್ರೂ ಒಂದು ದಿನ ಕೈಲಿ ಸೀಮೆಸುಣ್ಣ ಹಿಡೀಬಹುದು.”

ಸಮಿತಿ ಬಂತು. ದೊಡ್ಡ ಕಾರುಗಳು, ಬಾಗಿಲು ತೆರೆಯಲು ಹುಡುಗಿಯರು, ಹೂಗುಚ್ಛ. ಸಮಿತಿಯ ಹಿರಿಯರು ಎಲ್ಲೋ ಕುಲಪತಿಗಳಾಗಿ ನಿವೃತ್ತರಾದವರು. ದಪ್ಪ ಶರೀರ, ಮೆತ್ತಗಿನ ಅಂಗೈ. ಹಸ್ತಲಾಘವ ಕೊಟ್ಟಾಗ ಹಸಿ ಹಿಟ್ಟಿನ ಮುದ್ದೆಯನ್ನು ಹಿಡಿದಂತಾಗಿ ಪ್ರಭಾರಿಯಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡಳು. ಅವರು ಮೌಲ್ಯಗಳ ಬಗ್ಗೆ ಮಾತಾಡಿದರು. ತೇಗಿದರು. ಮತ್ತೆ ಮೌಲ್ಯಗಳ ಬಗ್ಗೆ ಮಾತಾಡಿದರು.

ಆಕೆ ಅವರನ್ನು ಕೋಣೆ ಕೋಣೆಗೆ ಕರೆದುಕೊಂಡು ಹೋದಳು. ಇವರು ನಮ್ಮ ಗಣಿತದ ಮುಖ್ಯಸ್ಥರು. ಇವರು ನಮ್ಮ ಇತಿಹಾಸದ ಪ್ರಾಧ್ಯಾಪಕರು. ಪ್ರತಿ ಬಾಗಿಲಲ್ಲೂ ಒಂದು ಸುಳ್ಳು ಹೇಳಿ ಮುಂದಿನ ಬಾಗಿಲಿಗೆ ನಡೆಯುವುದು. ಹೇಳುತ್ತ ಹೇಳುತ್ತ ಸುಳ್ಳು ಸಲೀಸಾಯಿತು. ಹಾಗೆ ಸಲೀಸಾದದ್ದೇ ಆಕೆಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು.

ಭೌತಶಾಸ್ತ್ರದ ಹಾಲಿನಲ್ಲಿ ಯಾಕಪ್ಪ ಪಾಠ ಮಾಡುತ್ತಿದ್ದ. ಬೋರ್ಡಿನ ಮೇಲಿನ ಗೆರೆಗಳನ್ನೆಲ್ಲ ಅಳಿಸಿಬಿಟ್ಟಿದ್ದ. ಮುಂದಿನ ಬೆಂಚಿನ ಜಡೆಯ ಹುಡುಗಿಯೊಬ್ಬಳನ್ನು ಎಬ್ಬಿಸಿ, ಅವಳ ಕೈಗೆ ನೀರಿನ ಬಾಟಲಿ ಕೊಟ್ಟು, “ತೋಳು ಚಾಚಿ ಹಿಡಕೋಮ್ಮ. ಅಲ್ಲಾಡಿಸಬೇಡ. ಈಗ ನೀನು ಕೆಲಸ ಮಾಡ್ತಿದೀಯೋ ಇಲ್ವೋ?” ಎಂದು ಕೇಳಿದ.

“ಮಾಡ್ತಿದೀನಿ ಸರ್. ಕೈ ನೋಯ್ತಿದೆ.”

“ನಮ್ಮ ಶಾಸ್ತ್ರದ ಪ್ರಕಾರ ನೀನು ಏನೂ ಕೆಲಸ ಮಾಡ್ತಿಲ್ಲ. ಬಾಟಲಿ ಇದ್ದಲ್ಲೇ ಇದೆ. ಮತ್ತೆ ನೋವು ಯಾಕೆ? ಯಾರು ಹೇಳ್ತೀರಿ?”

ಹಾಲಿನಲ್ಲಿ ಕೈಗಳು ಎದ್ದವು. ಸಮಿತಿಯವರು ಬಂದು ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಗೋಡೆಗೆ ಅಂಟಿ ಕೂತು ತೂಕಡಿಸುತ್ತಿದ್ದ ಕೊನೆಯ ವರ್ಷದವರು ಮುಂದೆ ಬಾಗಿದ್ದರು. ಒಬ್ಬ ಹುಡುಗ ಎದ್ದು ವಾದಕ್ಕೇ ನಿಂತ. ಹಿರಿಯರು ಕೆಮ್ಮಿದರು. ಯಾಕಪ್ಪ ತಿರುಗಿ ನೋಡಿದ.

“ಇಲ್ಲಿ ಎಷ್ಟು ವರ್ಷದಿಂದ ಇದೀರಿ?”

ಅವನು ಪ್ರಭಾರಿಯಮ್ಮನನ್ನು ನೋಡಿದ. ಹೇಳಿಕೊಟ್ಟಂತೆ ಮೊದಲು ನಕ್ಕ. “ಬಹಳ ವರ್ಷದಿಂದ ಸರ್.”

“ನಿಮ್ಮ ಮೇಷ್ಟ್ರುಗಳೆಲ್ಲ ಇಲ್ಲಿ ಸಂತೋಷವಾಗಿದಾರಾ ಮೇಡಂ?”

“ಇದಾರೆ ಸರ್” ಎಂದಳು ಪ್ರಭಾರಿಯಮ್ಮ. ಹೇಳಿ ನೇರವಾಗಿ ಕೈ ತೊಳೆಯುವ ಜಾಗಕ್ಕೆ ಹೋದಳು. ಮುಖಕ್ಕೆ ನೀರು ಎರಚಿಕೊಂಡಳು. ಕನ್ನಡಿಯಲ್ಲಿ ಆ ಮುಖ, ಯಾರಿಗಾದರೂ ನಂಬಿಕೆ ಬರುವ ಆ ಮುಖ, ಒದ್ದೆಯಾಗಿ ನಿಂತಿತ್ತು. ಮುಖ ಒರೆಸಿಕೊಳ್ಳುವಷ್ಟರಲ್ಲಿ ಆಕೆ ನಿರ್ಧಾರ ಮಾಡಿದ್ದಳು.

ಊಟದ ಕೋಣೆಯಲ್ಲಿ ಹಿರಿಯರು ಒಂದು ಮೂಳೆಯನ್ನು ಚೀಪುತ್ತಿದ್ದರು. ಪಕ್ಕದಲ್ಲಿ ಅಧ್ಯಕ್ಷರು ಇರಲಿಲ್ಲ. ಕಾರುಗಳಿಗೆ ಉಡುಗೊರೆಯ ಪೆಟ್ಟಿಗೆ ಹಾಕಿಸಲು ಹೋಗಿದ್ದರು. ಪ್ರಭಾರಿಯಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

“ಸರ್, ಒಂದು ಮಾತು ಹೇಳಬೇಕು. ಬೆಳಿಗ್ಗೆಯಿಂದ ನಾನು ಹೇಳಿದ್ದು ಯಾವುದೂ ನಿಜ ಅಲ್ಲ. ಆ ಮೇಷ್ಟ್ರುಗಳೆಲ್ಲ ಬಾಡಿಗೆಯೋರು. ಸಂಜೆ ಬಸ್ಸಲ್ಲಿ ವಾಪಸ್ ಹೋಗ್ತಾರೆ. ಮಕ್ಕಳಿಗೆ ನಾಳೆ ಪಾಠ ಇಲ್ಲ. ನೀವು ಇದನ್ನ ಬರೀಬೇಕು.”

ಹಿರಿಯರ ಬಾಯಿ ನಿಂತಿತು. ಮೂಳೆಯನ್ನು ತಟ್ಟೆಯ ಅಂಚಿಗಿಟ್ಟು ಬೆರಳುಗಳನ್ನು ಒಂದೊಂದಾಗಿ ನೆಕ್ಕಿದರು. ಸಮಿತಿಯ ಉಳಿದವರು ತಮ್ಮ ತಮ್ಮ ತಟ್ಟೆಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು.

“ನಿಮ್ಮ ಗಂಟಲು ಸರಿ ಇಲ್ಲ ಮೇಡಂ” ಎಂದರು ಹಿರಿಯರು. “ಏನು ಹೇಳಿದ್ರೋ ಕೇಳಿಸಲೇ ಇಲ್ಲ.”

“ಬಾಡಿಗೆಯೋರು ಸರ್. ಎಲ್ಲರೂ.”

“ಕೇಳಿಸಲಿಲ್ಲ ಅಂದ್ನಲ್ಲ. ಹೋಗಿ ವಿಶ್ರಾಂತಿ ತಗೊಳ್ಳಿ. ನಾವು ಕಣ್ಣಲ್ಲಿ ನೋಡಿದ್ದನ್ನ ಮಾತ್ರ ಬರೆಯೋರು.” ಅವರು ಮೂಳೆಯನ್ನು ಮತ್ತೆ ಕೈಗೆತ್ತಿಕೊಂಡರು.

ಕಾರುಗಳು ಹೋದವು. ಬಸ್ಸೂ ಹೊರಟಿತು. ಜಡೆಯ ಹುಡುಗಿ ಮತ್ತು ಇನ್ನೊಂದಷ್ಟು ಮಕ್ಕಳು ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

“ಮೇಡಂ, ಆ ಸರ್ ನಾಳೆ ಎಷ್ಟು ಗಂಟೆಗೆ ಬರ್ತಾರೆ? ನೋವು ಯಾಕೆ ಅಂತ ಅವರು ಪೂರ್ತಿ ಹೇಳಲಿಲ್ಲ. ಮ್ಯಾನೇಜರ್ ಬಂದು ಸಾಕು ನಿಲ್ಸಿ ಅಂದ್ರು.”

ಎಷ್ಟು ಸುಳ್ಳು ಹೇಳಿದ್ದಳೋ ಅವತ್ತು, ಇನ್ನೊಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ.

“ಬರಲ್ಲ ಮಗು. ಅವರನ್ನ ಒಂದು ದಿನಕ್ಕೆ ತಂದಿದ್ರು. ಸಮಿತಿಗೆ ತೋರಿಸೋಕೆ. ನಾನೂ ಅದರಲ್ಲಿ ಸೇರಿದೀನಿ.”

ಜಡೆಯ ಹುಡುಗಿ ನಿಧಾನವಾಗಿ ಕೇಳಿದಳು. “ಹಾಗಾದ್ರೆ ನಾವು ಯಾರಿಗೆ ತೋರಿಸೋಕೆ ಇರೋದು ಮೇಡಂ?”

ತಿಂಗಳು ಕಳೆಯುವುದರೊಳಗೆ ಫಲಿತಾಂಶ ಬಂತು. ಮೇಲಿನ ದರ್ಜೆ. ಅಧ್ಯಕ್ಷರು ಗೇಟಿನ ಮೇಲೆ ಒಂದು ದೊಡ್ಡ ಬ್ಯಾನರ್ ಕಟ್ಟಿಸಿದರು. ನಡುವೆ ಅವರು, ಸುತ್ತ ಪ್ರೊಫೆಸರುಗಳು. ಯಾಕಪ್ಪನ ಮುಖವೂ ಇತ್ತು, ಕೆಳಗೆ ಅವನ ಹೆಸರು, ಪದವಿ, ವಿಭಾಗ. ಬ್ಯಾನರಿನ ಜೊತೆಗೇ ಫೀಸೂ ಏರಿತು. ಏರಿದ ಫೀಸಿನ ಬಗ್ಗೆ ಬಯ್ಯಿಸಿಕೊಳ್ಳಲು ಎಂದಿನಂತೆ ಪ್ರಭಾರಿಯಮ್ಮ ಇದ್ದಳು. ಒಬ್ಬ ತಂದೆ, ಬಣ್ಣ ಬಳಿಯುವವನು, ಕೈಯ ತುಂಬ ಒಣಗಿದ ಸುಣ್ಣ, “ಇಷ್ಟು ದೊಡ್ಡ ಮೇಷ್ಟ್ರುಗಳಿದಾರೆ ಅಂತ ಹೆಚ್ಚು ಕೊಟ್ಟು ಸೇರಿಸ್ತಿದೀನಿ. ಚೆನ್ನಾಗಿ ಹೇಳಿಕೊಡ್ತಾರಲ್ವಾ ಅಮ್ಮ?” ಎಂದು ಕೇಳಿದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಆಕೆ ಕೊಡೆ ಎತ್ತಿಕೊಂಡು ನೇರವಾಗಿ ಪಾರ್ಸಲ್ ಗೋದಾಮಿಗೆ ನಡೆದಳು.

ಗೋದಾಮಿನಲ್ಲಿ ರಟ್ಟಿನ ಧೂಳು ಹೊಗೆಯಂತೆ ಎದ್ದಿತ್ತು. ಯಾಕಪ್ಪ ಬೆವರಿನಲ್ಲಿ ಮುಳುಗಿ ಡಬ್ಬಿಗಳನ್ನು ಗಾಡಿಗೆ ಎಸೆಯುತ್ತಿದ್ದ. ಆಕೆಯನ್ನು ಕಂಡು ನಾಚಿ, ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ.

“ನಾಳೆಯಿಂದ ಕ್ಲಾಸಿಗೆ ಬಾ” ಎಂದಳು ಆಕೆ.

“ಯಾಕೆ ಮೇಡಂ, ಇನ್ನೊಂದು ಸಮಿತಿ ಬರ್ತಿದೆಯಾ?”

“ಯಾವ ಸಮಿತಿಯೂ ಇಲ್ಲ. ನೀನು ನಮ್ಮ ಕಾಲೇಜಿನ ಪ್ರೊಫೆಸರು ಅಂತ ಅವರೇ ಬ್ಯಾನರ್ ಕಟ್ಟಿ ಊರಿಗೆಲ್ಲ ಹೇಳಿದಾರೆ. ನೇಮಕದ ಆದೇಶ ಅವರೇ ಮಾಡಿ ಸಮಿತಿಗೆ ಕೊಟ್ಟಿದಾರೆ. ಪ್ರೊಫೆಸರು ಅಂದ್ಮೇಲೆ ಪಾಠ ಮಾಡಬೇಕು. ಯಾರಿಗೆ ಯಾವ ಕ್ಲಾಸು ಅಂತ ಹಂಚೋದು ಪ್ರಿನ್ಸಿಪಾಲರ ಕೆಲಸ. ಹಂಚಿದೀನಿ. ನಿನಗೆ ಮೊದಲನೇ ಗಂಟೆ.”

ಅವನು ಡಬ್ಬಿಯೊಂದರ ಮೇಲೆ ಕೂತುಬಿಟ್ಟ. ನಗು ಬಂತು ಅವನಿಗೆ, ಆಮೇಲೆ ನಿಂತುಹೋಯಿತು.

“ಸಂಬಳ?”

“ಕೊಡಲ್ಲ ಅಂತಾರೆ. ಜಗಳ ಆಡಬೇಕು. ಬಾಡಿಗೆಯೋರಿಗೆ ಜಗಳ ಆಡೋ ಹಕ್ಕಿಲ್ಲ, ಪ್ರೊಫೆಸರಿಗಿದೆ.”

“ನಿಮ್ಮನ್ನ ತೆಗೆದುಹಾಕ್ತಾರೆ.”

“ಕುರ್ಚಿಯಿಂದ ತೆಗೀತಾರೆ. ತೆಗೀಲಿ ಬಿಡು. ಮೇಷ್ಟ್ರ ಕೆಲಸ ನನ್ನದು ಖಾಯಂ.”

ಹೊರಗಿನಿಂದ ಯಾರೋ ಗಾಡಿ ತುಂಬು ಎಂದು ಕೂಗುತ್ತಿದ್ದರು. “ನಾನೊಬ್ಬನೇ ಬಂದ್ರೆ ಎತ್ತಿ ಬಿಸಾಕ್ತಾರೆ ಮೇಡಂ” ಎಂದ ಅವನು, ಎದ್ದು ನಿಂತು. “ಬಸ್ಸಲ್ಲಿ ಬಂದೋರನ್ನೆಲ್ಲ ಕೇಳ್ತೀನಿ.”

ಮರುದಿನ ಬೆಳಿಗ್ಗೆ ಅವರು ಮುಂದಿನ ಗೇಟಿನಿಂದಲೇ ಬಂದರು. ಎಲ್ಲರೂ ಬರಲಿಲ್ಲ. ಕೆಲವರಿಗೆ ಬೇರೆ ಕಾಲೇಜಿನ ಬಾಡಿಗೆ ತಪ್ಪುವ ಭಯ, ಕೆಲವರಿಗೆ ಮನೆಯ ಭಯ. ಗಣಿತದ ಹೆಂಗಸು ಬಂದಳು. ಇತಿಹಾಸದವನು ಜೆರಾಕ್ಸ್ ಅಂಗಡಿಗೆ ರಜೆ ಹೇಳಿ ಬಂದ. ವಾಚ್‌ಮನ್ ಅವರ ಮುಖ ನೋಡಿದ, ಮೇಲಿನ ಬ್ಯಾನರ್ ನೋಡಿದ, ಸೆಲ್ಯೂಟ್ ಹೊಡೆದು ಗೇಟು ತೆಗೆದ. ಅವನು ನಿಜವಾಗಿ ನಂಬಿದ್ದನೋ, ಬೇಕೆಂದೇ ಮಾಡಿದನೋ, ಯಾರೂ ಕೇಳಲಿಲ್ಲ.

ಮೊದಲನೇ ಗಂಟೆ ಹೊಡೆಯುವಷ್ಟರಲ್ಲಿ ಮ್ಯಾನೇಜರ್ ಏದುಸಿರುಬಿಡುತ್ತ ಓಡಿಬಂದ. “ಯಾರು ಮೇಡಂ ಇವರನ್ನೆಲ್ಲ ಕರೆಸಿದ್ದು?”

“ನೀವೇ. ಬಹಳ ವರ್ಷಗಳ ಹಿಂದೆ. ಆದೇಶ ಇದೆಯಲ್ಲ.”

ಅವನ ಫೋನಿನಿಂದ ಅಧ್ಯಕ್ಷರ ಧ್ವನಿ ಕೋಣೆಗೆಲ್ಲ ಕೇಳುತ್ತಿತ್ತು. ಆಕೆ ಫೋನು ಇಸಿದುಕೊಂಡಳು.

“ಮೇಡಂ, ತಮಾಷೆ ಸಾಕು. ಅವರನ್ನ ಆಚೆಗೆ ಹಾಕಿ. ಇಲ್ಲಾಂದ್ರೆ ಪೊಲೀಸರನ್ನ ಕಳಿಸ್ತೀನಿ.”

“ಕಳಿಸಿ ಸರ್. ಯಾರು ಇವರು ಅಂತ ಪೊಲೀಸರು ಕೇಳಿದ್ರೆ ಏನು ಹೇಳಲಿ? ಪ್ರೊಫೆಸರುಗಳು ಅನ್ನಲಾ, ಅಲ್ಲ ಅನ್ನಲಾ? ನೀವು ಹೇಳಿದ ಹಾಗೆ ಹೇಳ್ತೀನಿ.”

ಆ ಕಡೆ ಫೋನು ಕಟ್ಟಾಯಿತು. ಪೊಲೀಸರು ಬರಲಿಲ್ಲ. ಅಧ್ಯಕ್ಷರೇ ಬಂದರು.

ಅವರು ಕಾರಿಡಾರಿನಲ್ಲಿ ನಡೆದು ಬರುವಾಗ ಒಂದೊಂದು ಕೋಣೆಯಿಂದಲೂ ಒಂದೊಂದು ಪಾಠ ಕೇಳಿಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ಆ ಕಟ್ಟಡದಲ್ಲಿ ಅಂಥ ಸದ್ದನ್ನು ಅವರು ಕೇಳಿರಲಿಲ್ಲ. ಗಣಿತದ ಕೋಣೆಯಲ್ಲಿ ಯಾರೋ ನಕ್ಕರು. ಅಧ್ಯಕ್ಷರು ನೇರವಾಗಿ ಪ್ರಭಾರಿಯಮ್ಮನ ಎದುರಿಗೆ ಬಂದು ನಿಂತರು.

“ನಿಮ್ಮ ಪ್ರಭಾರ ಈ ಕ್ಷಣಕ್ಕೆ ಮುಗೀತು” ಎಂದರು, ಆಕೆಯ ಮುಖಕ್ಕೆ ಮುಖ ಕೊಟ್ಟು. “ಸಂಬಳ ಕೊಡಲ್ಲ. ಇವರಿಗೂ ಕೊಡಲ್ಲ, ನಿಮಗೂ ತಡೆಹಿಡೀತೀನಿ. ಎಷ್ಟು ದಿನ ನಡೆಸ್ತೀರೋ ನೋಡ್ತೀನಿ.”

“ನೋಡಿ ಸರ್” ಎಂದಳು ಆಕೆ. “ನನಗೆ ಎರಡನೇ ಗಂಟೆ ಕ್ಲಾಸಿದೆ. ಬರೀ ಮೊದಲ ವರ್ಷದೋರಿಗೆ.”

ಅಧ್ಯಕ್ಷರು ಆಕೆಯನ್ನು ದಾಟಿ ಭೌತಶಾಸ್ತ್ರದ ಹಾಲಿನ ಕಡೆ ನುಗ್ಗಿದರು. ಯಾಕಪ್ಪ ಬೋರ್ಡಿನ ಪಕ್ಕದಲ್ಲಿ ನಿಂತಿದ್ದ. ಗೋದಾಮಿಗೆ ಹಾಕಿಕೊಂಡು ಹೋಗುವ ಅಂಗಿಯನ್ನೇ ಒಗೆದು ಹಾಕಿಕೊಂಡು ಬಂದಿದ್ದ. ಅಧ್ಯಕ್ಷರು ವೇದಿಕೆಯನ್ನು ಹತ್ತಿ, ಬೋರ್ಡಿನ ಮುಂದೆಯೇ ನಿಂತು, ಸೊಂಟಕ್ಕೆ ಕೈಯಿಟ್ಟು ಮಕ್ಕಳ ಕಡೆ ತಿರುಗಿದರು.

“ಎಲ್ಲಾ ಎದ್ದೇಳಿ. ಕ್ಲಾಸಿಲ್ಲ. ಮನೆಗೆ ಹೋಗಿ.”

ಯಾರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಏಳಹೋದವನನ್ನು ಪಕ್ಕದವನು ಅಂಗಿ ಹಿಡಿದು ಕೂರಿಸಿದ. ಅಧ್ಯಕ್ಷರು ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಜೋರಾಗಿ. ಬಾಗಿಲಲ್ಲಿ ನಿಂತಿದ್ದ ಪ್ರಭಾರಿಯಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಬೆಂಚಿನ ಜಡೆಯ ಹುಡುಗಿ ಪೆನ್ನು ಹಿಡಿದ ಕೈಯನ್ನೇ ಮೇಲೆತ್ತಿ ಎದ್ದು ನಿಂತಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ಸರ್, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಬೋರ್ಡ್ ಕಾಣಿಸ್ತಿಲ್ಲ.”

ಹಾಲಿನಲ್ಲಿ ಅಷ್ಟೂ ಮಕ್ಕಳು ಅಧ್ಯಕ್ಷರನ್ನೇ ನೋಡುತ್ತ, ಪೆನ್ನು ಹಿಡಿದು ಕಾಯುತ್ತ ಕೂತಿದ್ದರು. ಯಾಕಪ್ಪನೂ ಕಾಯುತ್ತಿದ್ದ. ಅಧ್ಯಕ್ಷರು ಬಾಗಿಲ ಕಡೆ ನೋಡಿದರು, ಮಕ್ಕಳ ಕಡೆ ನೋಡಿದರು, ಏನು ಮಾಡುವುದೆಂದು ತೋಚದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.